ಆಫ್ಟರ್‌ಗ್ಲೋ ರೋಹಿತದಲ್ಲಿ ಎರಡು ರೆಡ್‌ಶಿಫ್ಟ್: ಸ್ಫೋಟದ್ದು ಯಾವುದು?

ಪ್ರಶ್ನೆ
ಗಾಮಾ ಕಿರಣ ಸ್ಫೋಟವೊಂದರ ಆಫ್ಟರ್‌ಗ್ಲೋ (ಸ್ಫೋಟದ ನಂತರ ಉಳಿಯುವ ಹೊಳಪು) ರೋಹಿತವನ್ನು, ಅಂದರೆ ತರಂಗಾಂತರವಾರು ಬಿಡಿಸಿದ ಬೆಳಕನ್ನು, ಆರ್ಕೈವ್‌ನಿಂದ ಇಳಿಸಿಕೊಂಡು ಗೆರೆಗಳನ್ನು ಗುರುತಿಸುತ್ತಿದ್ದೇನೆ. ವ್ಯಾಪ್ತಿ 4000ರಿಂದ 9000 ಆಂಗ್‌ಸ್ಟ್ರಾಂ (ತರಂಗಾಂತರದ ಅಳತೆ). 6431.6 ಮತ್ತು 6448.1ರಲ್ಲಿ ಆಳವಾದ ಜೋಡಿ ಹೀರಿಕೆ ಗೆರೆ (ಅನಿಲ ಬೆಳಕನ್ನು ಹೀರಿದ ಗುರುತು) ಇದೆ. ಮೆಗ್ನೀಸಿಯಂ ಅಂದುಕೊಂಡರೆ ರೆಡ್‌ಶಿಫ್ಟ್ (ವಿಶ್ವ ಹಿಗ್ಗುವುದರಿಂದ ತರಂಗಾಂತರ ಉದ್ದವಾದ ಪ್ರಮಾಣ; ಹೆಚ್ಚಿದ್ದಷ್ಟೂ ದೂರ) 1.30. ಆದರೆ 6195, 6725, 6760ರ ಗೆರೆಗಳೂ 7605ರ ಸುತ್ತಲಿನ ಅಗಲವಾದ ತಗ್ಗೂ ಈ ಲೆಕ್ಕಕ್ಕೆ ಕೂರುತ್ತಿಲ್ಲ. ಎಲ್ಲಿ ಎಡವುತ್ತಿದೆ?

ಉತ್ತರ
ಮೊದಲು 7605ನ್ನು ಕೈಬಿಡಿ. ಅದು ನಮ್ಮ ವಾತಾವರಣದ ಆಮ್ಲಜನಕ. ಯಾವ ದಿಕ್ಕಿಗೆ ದೂರದರ್ಶಕ ತಿರುಗಿಸಿದರೂ ಅಲ್ಲೇ ಇರುತ್ತದೆ.

ನಿಮ್ಮ ಜೋಡಿ ಮೆಗ್ನೀಸಿಯಂನದೇ. ಮೂಲ ತರಂಗಾಂತರಗಳು 2796.35 ಮತ್ತು 2803.53, ಅನುಪಾತ 1.00257, ರೆಡ್‌ಶಿಫ್ಟ್ ಎಷ್ಟಿದ್ದರೂ ಅದು ಬದಲಾಗದು. ನಿಮ್ಮ ಜೋಡಿಯ ಅನುಪಾತವೂ ಅಷ್ಟೇ. ಆದರೆ ಈ ಅನಿಲ ಸ್ಫೋಟದ ಗ್ಯಾಲಕ್ಸಿಯದೇ ಆಗಬೇಕೆಂದಿಲ್ಲ. ದಾರಿಯಲ್ಲಿ ಅಡ್ಡ ಬಂದ ಯಾವ ಗ್ಯಾಲಕ್ಸಿಯೂ ತನ್ನ ಗೆರೆ ಬಿಟ್ಟುಹೋಗುತ್ತದೆ. 1997ರ ಮೇ 8ರ ಸ್ಫೋಟಕ್ಕೆ ಕೆಕ್ ದೂರದರ್ಶಕದಿಂದ ಮೊದಲ ಸಲ ರೆಡ್‌ಶಿಫ್ಟ್ ಅಳೆದಾಗಲೂ, ಹೀರಿಕೆ ಗೆರೆಗಳು ಕೊಟ್ಟ 0.835 'ಕನಿಷ್ಠ ಇಷ್ಟು' ಅನ್ನುವ ಮಿತಿಯಷ್ಟೇ ಆಗಿತ್ತು.

ಉಳಿದ ಮೂರನ್ನು ಕಬ್ಬಿಣದ 2382.76, 2586.65, 2600.17ಕ್ಕೆ ಹೊಂದಿಸಿ ನೋಡಿ. ಮೂರೂ 1.60 ಅನ್ನುತ್ತವೆ. ಆ ರೆಡ್‌ಶಿಫ್ಟ್‌ನ ಮೆಗ್ನೀಸಿಯಂ ಜೋಡಿ 7270, 7289ರಲ್ಲಿ, ನೀರಾವಿಯ ಪಟ್ಟಿಯೊಳಗೇ ಬೀಳುತ್ತದೆ. ಅದಕ್ಕೇ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ.

ಮರುಪ್ರಶ್ನೆ
ಹೊಂದಿತು! ಆದರೆ 1.60 ಕೂಡ ಅಡ್ಡ ಬಂದ ಗ್ಯಾಲಕ್ಸಿಯೇ ಆಗಿದ್ದರೆ?

ಉತ್ತರ
ಕೇಳಬೇಕಾದ ಪ್ರಶ್ನೆಯೇ ಇದು. 6793 ಮತ್ತು 6829ರಲ್ಲಿ ಏನಾದರೂ ಇದೆಯೇ ನೋಡಿ. ಕಬ್ಬಿಣದ ಸೂಕ್ಷ್ಮರಚನೆಯ (ತಳಮಟ್ಟ ಒಡೆದು ಆದ ಹತ್ತಿರದ ಶಕ್ತಿಮಟ್ಟಗಳ) ಗೆರೆಗಳು, ಮೂಲದಲ್ಲಿ 2612.65 ಮತ್ತು 2626.45, ಅಲ್ಲಿ ಬರಬೇಕು. ಇವು ಹುಟ್ಟಲು ಕಬ್ಬಿಣದ ಅಯಾನುಗಳು ತಳಮಟ್ಟದಿಂದ ತುಸು ಮೇಲೇರಿರಬೇಕು. ಆ ಕೆಲಸ ಮಾಡುವುದು ಆಫ್ಟರ್‌ಗ್ಲೋದ ಅತಿನೇರಳೆ ಬೆಳಕೇ. ದಾರಿಯ ಗ್ಯಾಲಕ್ಸಿಗೆ ಅದು ತಲುಪುವ ಹೊತ್ತಿಗೆ ಅಷ್ಟು ಕಸುವು ಉಳಿದಿರುವುದಿಲ್ಲ. 2006ರ ಏಪ್ರಿಲ್ 18ರ ಸ್ಫೋಟದಲ್ಲಿ ಇಂಥ ಗೆರೆಗಳ ಬಲ ಹೊತ್ತು ಕಳೆದಂತೆ ಬದಲಾದದ್ದನ್ನು ಚಿಲಿಯ ವಿಎಲ್‌ಟಿ ದೂರದರ್ಶಕ ಹಿಡಿದಿತ್ತು. ನನಗೆ ಇದಕ್ಕಿಂತ ಸುಂದರವಾದ ಸಾಕ್ಷ್ಯ ಈ ಕ್ಷೇತ್ರದಲ್ಲಿ ಕಂಡಿಲ್ಲ.

ರೆಡ್‌ಶಿಫ್ಟ್‌ನ ಗರಿಷ್ಠ ಮಿತಿಯೂ ನಿಮ್ಮ ಕೈಯಲ್ಲೇ ಇದೆ. 4000ದವರೆಗೆ ಹೈಡ್ರೋಜನ್‌ನ ಲೈಮನ್ ಆಲ್ಫಾ ಎಂಬ ಅತಿನೇರಳೆ ಗೆರೆಯ ತಗ್ಗು ಕಾಣದಿದ್ದರೆ ರೆಡ್‌ಶಿಫ್ಟ್ 2.29 ದಾಟುವಂತಿಲ್ಲ.

ಪ್ರಶ್ನೆ ಕೇಳಿದವರು
6793 ಸ್ಪಷ್ಟವಾಗಿದೆ, 6829 ಕ್ಷೀಣ ಆದರೂ ಇದೆ. ನೀಲಿ ತುದಿಯಲ್ಲಿ ತಗ್ಗಿಲ್ಲ.

ಉತ್ತರ
ಹಾಗಾದರೆ 1.60 ಸ್ಫೋಟದ್ದು, 1.30 ದಾರಿಯದ್ದು. ಈಗಿನ ವಿಶ್ವಮಾದರಿಯಲ್ಲಿ ಬೆಳಕು ಸುಮಾರು 970 ಕೋಟಿ ವರ್ಷ ಪಯಣಿಸಿದೆ. ಮೂರನೇ ದಶಮಾಂಶ ಬರೆಯುವ ಮುನ್ನ ನಿಮ್ಮ ತರಂಗಾಂತರಗಳು ಗಾಳಿಯವೋ ನಿರ್ವಾತದವೋ ನೋಡಿಕೊಳ್ಳಿ. ನಿಮ್ಮ ಗೆರೆಗಳ ಬಳಿ ಈ ಎರಡರ ನಡುವೆ ಸುಮಾರು 1.8 ಆಂಗ್‌ಸ್ಟ್ರಾಂ ವ್ಯತ್ಯಾಸ ಬರುತ್ತದೆ.