ಅಳುವುದಕ್ಕೂ ಒಂದು ಆರ್ಕೆಸ್ಟ್ರಾ

"ಬೇಜಾರಾದರೆ ಜನ ಏನು ಮಾಡ್ತಾರೆ? ಮುಸುಕು ಹಾಕ್ಕೊಂಡು ಮಲಗ್ತಾರೆ. ಈ ಮಹಾನುಭಾವ ಏನು ಮಾಡಿದ? ಲಂಡನ್ನಿಗೆ ಹೋಗಿ ಆರ್ಕೆಸ್ಟ್ರಾ ಗೊತ್ತು ಮಾಡಿದ!"

ಇದು ಮೇಷ್ಟ್ರ ಮೊದಲ ತಕರಾರು. ತಕರಾರಿಗೆ ಕಾರಣ ಫಿನ್ಲೆಂಡ್ ದೇಶದ ನೈಟ್‌ವಿಶ್ ಎಂಬ ಬ್ಯಾಂಡು ಮತ್ತು ಅವರ 2007ರ ಆಲ್ಬಂ 'ಡಾರ್ಕ್ ಪ್ಯಾಶನ್ ಪ್ಲೇ'. ಇಂಥ ಸಂಗೀತಕ್ಕೆ ಸಿಂಫೋನಿಕ್ ಮೆಟಲ್ ಅಂತಾರೆ. ಒಂದು ಕಡೆ ಗಿಟಾರು, ಡ್ರಮ್ಮು ಸೇರಿಕೊಂಡು ಗೋಡೆ ಕೆಡವುತ್ತಿರುತ್ತವೆ. ಇನ್ನೊಂದು ಕಡೆ ವಯಲಿನ್ನು, ಕಹಳೆ, ಕೋರಸ್ಸು ಸೇರಿಕೊಂಡು ಅದೇ ಗೋಡೆ ಕಟ್ಟುತ್ತಿರುತ್ತವೆ. ಮೇಷ್ಟ್ರು ಮೂರು ನಿಮಿಷದಲ್ಲಿ ಮುಗಿಯುವ ಹಾಡುಗಳ ಮನುಷ್ಯ. ಅವರ ಪ್ರಕಾರ ದುಃಖಕ್ಕೂ ಒಂದು ಅಳತೆ ಇರಬೇಕು.

ನಮ್ಮ ಗೆಳೆಯರ ಗುಂಪಿನಲ್ಲಿ ಈ ಆಲ್ಬಂ ತಂದು ಹಾಕಿದವನು ತಂತಿ. ಗಿಟಾರ್ ಬಾರಿಸುತ್ತಾನೆ, ಅದಕ್ಕೆ ಆ ಹೆಸರು. ಅವನು ಕಥೆ ಶುರು ಮಾಡಿದ.

"ನೋಡಿ ಮೇಷ್ಟ್ರೇ, ಹಾಡು ಬರೆಯೋನು, ಕೀಬೋರ್ಡ್ ನುಡಿಸೋನು ತುವೊಮಾಸ್ ಹೊಲೊಪೈನೆನ್. ಹಾಡೋಳು ತಾರ್ಯಾ ತುರುನೆನ್. 1996ರಿಂದ ಜೊತೆಗಿದ್ದೋರು. 2005ರ ಅಕ್ಟೋಬರ್ 21ಕ್ಕೆ ಹೆಲ್ಸಿಂಕಿಯಲ್ಲಿ ದೊಡ್ಡ ಕಾರ್ಯಕ್ರಮ. ಅದು ಮುಗಿದ ಮೇಲೆ ಬ್ಯಾಂಡಿನವರು ಆಕೆ ಕೈಗೆ ಒಂದು ಪತ್ರ ಕೊಟ್ರು. ಇನ್ನು ನೀನು ನಮ್ಮ ಜೊತೆ ಇಲ್ಲ ಅಂತ. ಆಮೇಲೆ ಆ ಪತ್ರವನ್ನ ಲೋಕಕ್ಕೆಲ್ಲ ಓದಿಸಿದ್ರು."

"ಒಂದ್ ನಿಮಿಷ," ಅಂದರು ಲಾಯರಮ್ಮ. ಅಲ್ಲಿವರೆಗೆ ಮೊಬೈಲ್ ನೋಡುತ್ತಿದ್ದವರು ಪತ್ರ ಅಂದ ತಕ್ಷಣ ಎದ್ದು ಕೂತರು. "ನೋಟಿಸ್ ಅವಧಿ ಎಷ್ಟು?"

"ಅದೆಲ್ಲ ಇಲ್ಲಮ್ಮಾ."

"ಹಾಗಾದ್ರೆ ಈ ಆಲ್ಬಂನಲ್ಲಿ ಅಳ್ತಿರೋದು ಯಾರು?"

"ತುವೊಮಾಸ್."

"ಪತ್ರ ಕೊಟ್ಟೋನು?"

"ಅವನೂ ಅವನೇ, ಬ್ಯಾಂಡಿನ ಉಳಿದೋರ ಜೊತೆ ಸೇರ್ಕೊಂಡು."

"ತೆಗೆದು ಹಾಕಿದವನೇ ಅಳೋದು ಯಾವ ನ್ಯಾಯ? ಅಳೋ ಹಕ್ಕು ಆಕೇದು!"

ತಂತಿ ಸ್ವಲ್ಪ ಹೊತ್ತು ಸುಮ್ಮನಾದ. ಆಲ್ಬಂನಲ್ಲಿ 'ಬೈ ಬೈ ಬ್ಯೂಟಿಫುಲ್' ಅಂತ ಆಕೆಯ ಮೇಲೆಯೇ ಒಂದು ಹಾಡಿದೆ ಅನ್ನುವುದನ್ನು ಅವನು ಆಗ ಹೇಳದೆ ಉಳಿಸಿಕೊಂಡ. ಜಾಣ.

ದುಡ್ಡಿನ ವಿಷಯ ಮಾತ್ರ ಮುಚ್ಚಿಡಲು ಆಗಲಿಲ್ಲ. ಆಲ್ಬಂಗೆ ಐದು ಲಕ್ಷ ಯೂರೋಗಿಂತ ಜಾಸ್ತಿ ಖರ್ಚಾಗಿದೆ. ಫಿನ್ಲೆಂಡ್‌ನಲ್ಲಿ ಅಲ್ಲಿವರೆಗೆ ಯಾರೂ ಒಂದು ಆಲ್ಬಂಗೆ ಅಷ್ಟು ಸುರಿದಿರಲಿಲ್ಲ. ಆರ್ಕೆಸ್ಟ್ರಾ, ಕೋರಸ್ ಎಲ್ಲ ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ. "ಅಷ್ಟು ದುಡ್ಡಿದ್ರೆ ನನಗೆ ಬೇಜಾರೇ ಆಗಲ್ಲ," ಅಂದರು ಮೇಷ್ಟ್ರು.

ವಾದ ಬೇಡ, ಕೇಳಿಯೇ ಬಿಡೋಣ ಅಂತ ಮೊದಲ ಹಾಡು ಹಾಕಿದೆವು. 'ದಿ ಪೊಯೆಟ್ ಅಂಡ್ ದಿ ಪೆಂಡ್ಯುಲಂ'. ಐದು ಭಾಗ, ಸುಮಾರು 14 ನಿಮಿಷ. ಮೊದಲು ಒಬ್ಬ ಪುಟ್ಟ ಹುಡುಗನ ದನಿ. 'ಮುಗಿಯಿತು, ಹಾಡು ಬರೆದವನು ಸತ್ತ' ಎಂಬ ಅರ್ಥದ ಮಾತಿನಿಂದಲೇ ಹಾಡು ಶುರು.

"ಮುಗೀತಾ?" ಮೇಷ್ಟ್ರಿಗೆ ಖುಷಿ.

"ಈಗ ಶುರು ಮೇಷ್ಟ್ರೇ."

"ಮುಗೀತು ಅಂತ ಅವನೇ ಹೇಳಿದನಲ್ಲೋ!"

"ಅದನ್ನ ಹೇಳಿ ಮುಗಿಸೋಕೆ ಇನ್ನೂ ಹದಿಮೂರು ನಿಮಿಷ ಬೇಕು."

ಅಷ್ಟರಲ್ಲಿ ಆರ್ಕೆಸ್ಟ್ರಾ ಎದ್ದಿತು, ಹಿಂದೆಯೇ ಗಿಟಾರು. ಮೇಷ್ಟ್ರು ಕಿವಿ ಮುಚ್ಚಿಕೊಂಡರು. ಆಮೇಲೆ ಒಂದು ಕಡೆ ಗಂಭೀರ ದನಿಯೊಂದು ಸಾವಿನ ಸುದ್ದಿ ಓದುತ್ತದೆ: 2005ನೇ ಇಸವಿಯಲ್ಲಿ ತುವೊಮಾಸ್ ಈ ಲೋಕದ ಚಿಂತೆಗಳಿಂದ ಬಿಡುಗಡೆಯಾದ ಅಂತ. ಸ್ವಂತ ಹೆಸರು ಹಾಕಿಕೊಂಡು, ಇಸವಿ ಸಮೇತ! ಲಾಯರಮ್ಮ ನಕ್ಕಿದ್ದೇ ನಕ್ಕಿದ್ದು. ನನಗೂ ಮೊದಲ ಸಲ ನಗುವೇ ಬಂದಿತ್ತು. ಆದರೆ ನಗು ಮುಗಿಯುವಷ್ಟರಲ್ಲಿ ಗಂಟಲು ಕಟ್ಟಿತ್ತು, ಅದು ಈ ಹಾಡಿನ ಕಿತಾಪತಿ.

"ಕಾರಣ ಇದೆ," ಅಂದರು ಡಾಕ್ಟ್ರು. ಅವರ ಹತ್ತಿರ ಎಲ್ಲದಕ್ಕೂ ಕಾರಣ ಇರುತ್ತದೆ. "2011ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು ಮಿದುಳು ಸ್ಕ್ಯಾನ್ ಮಾಡಿ ನೋಡಿದ್ರು. ಇಷ್ಟದ ಸಂಗೀತದಲ್ಲಿ ಮೈ ಝುಂ ಅನ್ನೋ ಗಳಿಗೆಗೆ ಡೋಪಮಿನ್ ಅನ್ನೋ ಮಿದುಳಿನ ರಾಸಾಯನಿಕ ಬಿಡುಗಡೆ ಆಗುತ್ತೆ. ತಮಾಷೆ ಏನಂದ್ರೆ, ಆ ಗಳಿಗೆ ಬರೋಕೆ ಮುಂಚೆ, ಬಂತು ಬಂತು ಅಂತ ಕಾಯ್ತಾ ಇರುವಾಗಲೂ ಆಗುತ್ತೆ, ಮಿದುಳಿನ ಬೇರೆ ಜಾಗದಲ್ಲಿ."

"ಅಂದ್ರೆ ಕಾಯಿಸೋದೇ ಇವರ ಕಸುಬು," ಅಂದರು ಮೇಷ್ಟ್ರು.

ಅವರು ಬೈದದ್ದು. ಆದರೆ ತಂತಿ ಅದನ್ನೇ ಹಿಡಿದುಕೊಂಡ. "ಹೌದು ಮತ್ತೆ! ಗಿಟಾರಿಗೆ ಡಿಸ್ಟಾರ್ಷನ್, ಅಂದ್ರೆ ದನಿ ಒಡೆದು ಗರಗರ ಅನ್ನಿಸೋದು, ಹಾಕಿದ್ರೆ ಅದು ನಡುವಿನ ಸ್ವರಗಳ ಜಾಗ ಪೂರ್ತಿ ತಿಂದು ಬಿಡುತ್ತೆ. ಅಲ್ಲೇ ಚೆಲ್ಲೋ, ಅಂದ್ರೆ ವಯಲಿನ್ನಿನ ದಪ್ಪ ದನಿಯ ದೊಡ್ಡಣ್ಣ, ಇದ್ರೆ ಅದು ಕೇಳಿಸೋದೇ ಇಲ್ಲ. ಅದಕ್ಕೆ ವಯಲಿನ್ನನ್ನ ಮೇಲಕ್ಕೆ ಹತ್ತಿಸಬೇಕು, ಕಹಳೆಗೆ ಚಿಕ್ಕ ಚಿಕ್ಕ ಏಟು ಕೊಡಬೇಕು. ಇಲ್ಲಿ ಆ ಕೆಲಸ ಮಾಡಿದ್ದು ಪಿಪ್ ವಿಲಿಯಮ್ಸ್. ಈಗ ನೋಡಿ, ಗಿಟಾರು ಥಟ್ಟನೆ ನಿಲ್ಲಲಿ. ಅಷ್ಟು ಹೊತ್ತು ಒಳಗೆ ಸಿಕ್ಕಿಕೊಂಡಿದ್ದ ಚೆಲ್ಲೋ ಒಂದೇ ಸಲ ಹೊರಗೆ ಬರುತ್ತೆ. ಎದೆಗೆ ನಾಟೋದು ಆಗ. ಗಲಾಟೆ ಮಾಡೋದೇ ಆ ನಿಶ್ಶಬ್ದಕ್ಕೋಸ್ಕರ."

ಗುಂಪಿನಲ್ಲಿ ತಂತಿ ಇಷ್ಟು ಸರಿಯಾಗಿ ಮಾತಾಡಿದ್ದು ನಾನು ಕೇಳಿರಲಿಲ್ಲ. ಗಿಟಾರ್ ನುಡಿಸುವವನೇ ಗಿಟಾರ್ ನಿಂತಾಗ ಚೆನ್ನ ಅನ್ನಬೇಕಾದರೆ ವಿಷಯ ಸಣ್ಣದಲ್ಲ.

ಹೊಸ ಗಾಯಕಿಯ ವಿಚಾರಕ್ಕೆ ಮಾತು ತಿರುಗಿತು. ಹಾಡಿ ಕಳಿಸಿದ ಮಾದರಿ ರೆಕಾರ್ಡಿಂಗ್, ಅಂದರೆ ಡೆಮೊ, ಸುಮಾರು 2,000 ಬಂದಿದ್ದವಂತೆ. ಆಯ್ಕೆಯಾದವರು ಸ್ವೀಡನ್ನಿನ ಆನೆಟ್ ಓಲ್ಜೊನ್. ತಾರ್ಯಾದು ಶಾಸ್ತ್ರೀಯವಾಗಿ ಪಳಗಿದ ಕಂಠ, ಫಿನ್ಲೆಂಡಿನ ಸಂಗೀತ ಶಾಲೆ ಸಿಬೇಲಿಯಸ್ ಅಕಾಡೆಮಿಯಲ್ಲಿ ಕಲಿತವರು. ಆನೆಟ್ ಅವರದು ಪಾಪ್ ಹಾಡಿನ ದನಿ. ಅಭಿಮಾನಿಗಳು ಆಗಲೇ ಎರಡು ಪಾಳೆಯವಾದರು, ಇವತ್ತಿಗೂ ಒಂದಾಗಿಲ್ಲ. ಲಾಯರಮ್ಮ ಸಹಜವಾಗಿ ತಾರ್ಯಾ ಪಕ್ಷ. ನನಗೆ ಮಾತ್ರ ಈ ಆಲ್ಬಂಗೆ ಆನೆಟ್ ದನಿಯೇ ಸರಿ ಅನ್ನಿಸುತ್ತದೆ. ಇಷ್ಟೆಲ್ಲ ಅಬ್ಬರದ ನಡುವೆ ಹಾಡುವವರೂ ಅಬ್ಬರಿಸಿದರೆ ನಾವು ನಿಲ್ಲೋದೆಲ್ಲಿ? ಒಬ್ಬರಾದರೂ ನಮ್ಮ ಎತ್ತರದಲ್ಲಿ ಇರಬೇಕಲ್ವಾ.

ಮೇಷ್ಟ್ರ ಅಳತೆಯ ಮಾತು ಇನ್ನೂ ಕೊರೆಯುತ್ತಿತ್ತು. ಅದಕ್ಕೆ ಕೇಳಿಯೇ ಬಿಟ್ಟೆ: "ಮೇಷ್ಟ್ರೇ, ನಿಮಗೆ ನಿಜವಾಗಿ ದುಃಖವಾದಾಗ ಒಳಗೆ ಎಷ್ಟು ದೊಡ್ಡದಿತ್ತು? ಮೂರು ನಿಮಿಷದ್ದಾ?"

"ಒಳಗಿನದು ಬೇರೆ."

"ಒಳಗಿನದನ್ನೇ ಇವನು ಹೊರಗೆ ಹಾಕಿದಾನೆ. ನಾವೆಲ್ಲ 'ಏನಿಲ್ಲಪ್ಪಾ, ಆರಾಮ್' ಅಂದ್ಕೊಂಡು ಓಡಾಡ್ತೀವಿ. ಒಳಗೆ ಕೋರಸ್ಸು, ಕಹಳೆ, ಸಾವಿನ ಸುದ್ದಿ, ಎಲ್ಲ ನಡೀತಾ ಇರುತ್ತೆ. ಇವನಿಗೆ ನಾಚಿಕೆ ಇಲ್ಲ, ಅಷ್ಟೇ ವ್ಯತ್ಯಾಸ."

"ಮತ್ತೆ ಐದು ಲಕ್ಷ ಯೂರೋ," ಅಂದರು ಲಾಯರಮ್ಮ.

ಮೇಷ್ಟ್ರು ಜವಾಬು ಕೊಡಲಿಲ್ಲ. ಹಾಡು ಅಷ್ಟರಲ್ಲಿ ಐದನೇ ಭಾಗಕ್ಕೆ ಬಂದಿತ್ತು. ಅದರ ಹೆಸರು 'ಮದರ್ ಅಂಡ್ ಫಾದರ್'. ಅಷ್ಟು ಕೂಗಾಡಿದ ಮನುಷ್ಯ ಕೊನೆಗೆ ಅಪ್ಪ ಅಮ್ಮನ ಹತ್ತಿರ ಹೋಗುತ್ತಾನೆ. ಮೇಷ್ಟ್ರು ತಂತಿಗೆ ಕೈಸನ್ನೆ ಮಾಡಿದರು. "ಸ್ವಲ್ಪ ಹಿಂದಕ್ಕೆ ಹಾಕೋ. ಇಲ್ಲಲ್ಲ, ಆ ಹುಡುಗನ ಹತ್ತಿರಕ್ಕೆ."

ಯಾರೂ ಮುಖ ಮುಖ ನೋಡಿಕೊಳ್ಳಲಿಲ್ಲ. ನೋಡಿದ್ದರೆ ಅವರು ಖಂಡಿತ ಇನ್ನೊಂದು ತಕರಾರು ತೆಗೆಯುತ್ತಿದ್ದರು.

ತಡೆಯಲಾರದೆ ತೆಗೆದೇ ತೆಗೆದರು. "ಸರಿ, ಆಮೇಲೆ ಸುಖವಾಗಿದ್ದನಾ?"

"ಎಲ್ಲಿ! 2012ರಲ್ಲಿ ಪ್ರವಾಸದ ಮಧ್ಯೆಯೇ ಆನೆಟ್ ಕೂಡ ಹೊರಗೆ. ಫ್ಲೋರ್ ಯಾನ್ಸೆನ್ ಬಂದ್ರು."

"ಅಯ್ಯೋ, ಮತ್ತೆ ಅಳೋ ಆಲ್ಬಮ್ಮಾ?" ಲಾಯರಮ್ಮ ಹಣೆ ಚಚ್ಚಿಕೊಂಡರು.

"ಇಲ್ಲ, 2015ರ ಆಲ್ಬಂನಲ್ಲಿ ತನ್ನ ಗೋಳು ಬಿಟ್ಟ. ವಿಕಾಸವಾದ ಹಿಡಿದ. ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ದನೀನೂ ಇದೆ. ಕೊನೇ ಹಾಡಿನಲ್ಲಿ ಭೂಮಿ ಹುಟ್ಟಿದಾಗಿನಿಂದ ಪೂರ್ತಿ ಕಥೆ, 24 ನಿಮಿಷ."

ಮೇಷ್ಟ್ರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು.

"ಭೂಮಿಗೆ ಬರೀ 24 ನಿಮಿಷ? ಕಡಿಮೆಯಾಯ್ತು ಬಿಡಿ."