ಬಿಯೊಂಡಿ-ಸಾಂತಿ ರಿಸೆರ್ವಾ ಎತ್ತಿಡಬಹುದಾ? ಕೊಂಡವರು ಅನುಭವ ಹೇಳಿ

ಫ್ಲಾರೆನ್ಸ್ ಅಮ್ಮ: ಮಗಳು ಹುಟ್ಟಿದ್ದು 2015ರಲ್ಲಿ. ಅವಳು ದೊಡ್ಡವಳಾದ ಮೇಲೆ ತೆಗೆಯಲು ಅದೇ ವರ್ಷದ ಬಿಯೊಂಡಿ-ಸಾಂತಿ ಮನೆತನದ ಬ್ರುನೆಲ್ಲೊ ರಿಸೆರ್ವಾ (ಇಟಲಿಯ ಮೊಂಟಾಲ್ಚೀನೊ ಊರಿನ ಕೆಂಪು ವೈನ್) ಎರಡು ಬಾಟಲಿ ಎತ್ತಿಡುವ ಆಸೆ. ನಮ್ಮದು ಮೂರನೇ ಮಹಡಿ, ನೆಲಮಾಳಿಗೆ ಇಲ್ಲ. ಏನು ಮಾಡಲಿ?

ಲಂಡನ್ ರಾಯರು: ನನ್ನ ಕಥೆ ಕೇಳಿ. ಹರಾಜಿನಲ್ಲಿ 1975ರ ರಿಸೆರ್ವಾ ಹಿಡಿದೆ. ಕೂಗಿದ್ದು 420 ಪೌಂಡ್‌ಗೆ. ಅದರ ಮೇಲೆ ಹರಾಜಿನವರ ಪಾಲು 25%, ಅಂದರೆ 105. ಆ 105ರ ಮೇಲೆ ತೆರಿಗೆ 21. ಕೊರಿಯರ್, ವಿಮೆ 38. ಒಟ್ಟು 584! ಚಿತ್ರದಲ್ಲಿ ವೈನ್ ಕತ್ತಿನವರೆಗೆ ಇತ್ತು. ಕೈಗೆ ಬಂದದ್ದು ಭುಜದವರೆಗೆ ಇಳಿದದ್ದು. ಬಿರಡೆ ಪುಡಿಪುಡಿ. ಕೇಳಿದರೆ ‘ಇದ್ದ ಹಾಗೆ ಮಾರಾಟ’ ಅನ್ನುವ ಷರತ್ತು ತೋರಿಸಿದರು. ಒಂದು ಪೌಂಡೂ ವಾಪಸ್ ಬರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮಿಲಾನ್‌ವಾಸಿ: ರಾಯರೇ, ಮತ್ತೆ ತುಂಬಿಸಿ ಹೊಸ ಬಿರಡೆ ಹಾಕಿದ ಬಾಟಲಿ ನೋಡಬೇಕಿತ್ತು. ಬಿಯೊಂಡಿ-ಸಾಂತಿಯವರ ಗ್ರೆಪ್ಪೊ ತೋಟದಲ್ಲಿ 1927ರಲ್ಲಿ ಶುರುವಾದ ಪದ್ಧತಿ ಅದು. ಹಳೇ ಬಾಟಲಿ ತೆಗೆದು ರುಚಿ ನೋಡುತ್ತಿದ್ದರು. ಚೆನ್ನಾಗಿದ್ದರೆ ಮಾತ್ರ ಅದೇ ವರ್ಷದ ವೈನ್ ತುಂಬುತ್ತಿದ್ದರು. ನಾನು ತೆಗೆದುಕೊಂಡಿದ್ದು 1983. ಬಣ್ಣ ಮಾಸಿತ್ತು, ಆದರೆ ಹುಳಿ ಗಟ್ಟಿಯಾಗಿ ನಿಂತಿತ್ತು, ಒಗರು ಮೆತ್ತಗಾಗಿತ್ತು. ಬ್ರುನೆಲ್ಲೊ ಮಾಡುವ ಸಂಜೊವೇಸೆ ದ್ರಾಕ್ಷಿಗೆ ಆಯಸ್ಸು ಕೊಡುವುದೇ ಆ ಹುಳಿ. ಇಟ್ಟುಕೊಳ್ಳಲು ವೈನ್ ಫ್ರಿಜ್‌ಗೆ 1,150 ಯೂರೋ ಹಾಕಿದೆ. ಎರಡನೇ ಬೇಸಿಗೆಗೇ ಕಂಪ್ರೆಸರ್ ಹೋಯಿತು. ರಿಪೇರಿ 290. ಹೋಗಲಿ, ಬಾಟಲಿ ಉಳಿಯಿತು.

ಲಂಡನ್ ರಾಯರು: ಬೇರೆ ಬಾಟಲಿಯ ವೈನ್ ಸೇರಿಸಿದ ಮೇಲೆ ಅದು ಮೂಲ ಬಾಟಲಿ ಹೇಗಾಗುತ್ತದೆ? ಸಂಗ್ರಹಕಾರರಿಗೆ ಬೇಕಾದದ್ದು ಯಾರೂ ಮುಟ್ಟದ ಬಿರಡೆ.

ಮಿಲಾನ್‌ವಾಸಿ: ಮುಟ್ಟದ ಬಿರಡೆಯ ಸುಖ ನೀವೇ ಮೇಲೆ ಬರೆದಿದ್ದೀರಲ್ಲ! ಮಾಡಿದವರೇ ರುಚಿ ನೋಡಿ ಸರಿ ಅಂದದ್ದಕ್ಕಿಂತ ದೊಡ್ಡ ಖಾತ್ರಿ ಯಾವುದು?

ಟುರಿನ್ ಹುಡುಗ: ಇಬ್ಬರೂ ಜಗಳ ಬಿಡಿ. ಇಷ್ಟು ದುಡ್ಡು ಹಾಕುವವರು ಸಸ್ಸಿಕಾಯಾ ಕೊಳ್ಳಬೇಕು, ಅದೂ ಇಟಲಿಯ ಹೆಸರಾಂತ ಕೆಂಪು ವೈನೇ. ನನ್ನ ಹತ್ತಿರ 2016ರದು ಆರು ಇದೆ. ಮಾರಲು ಹೊರಟರೆ ಸುಲಭವಾಗಿ ಹೋಗುತ್ತದೆ.

ಸಿಯೆನಾ ಅಕ್ಕ: ಹೌದು, ಹೋಗುತ್ತದೆ. ನಕಲಿಯೂ ಹೋಗುತ್ತದೆ. 2020ರಲ್ಲಿ ಇಟಲಿ ಪೊಲೀಸರು ಹಿಡಿದ ಜಾಲ ಮರೆತಿರಾ? ಸಿಸಿಲಿಯ ವೈನ್, ಟರ್ಕಿಯ ಬಾಟಲಿ, ಮೇಲೆ ಸಸ್ಸಿಕಾಯಾ ಲೇಬಲ್. ಅಸಲಿ ಸಸ್ಸಿಕಾಯಾ ಮೊದಲು ಮಾರಾಟಕ್ಕೆ ಬಂದದ್ದೇ 1968ರ ಫಸಲು. ಬಿಯೊಂಡಿ-ಸಾಂತಿಯ ಮೊದಲ ಬ್ರುನೆಲ್ಲೊ 1888ರದು. ಆ ಮನೆತನದ ಫೆರುಚ್ಚೊ ಅವರು ಬೇರೆ ದ್ರಾಕ್ಷಿ ಬೆರೆಸದೆ ಬರೀ ಸಂಜೊವೇಸೆಯಿಂದ ಮಾಡಿ, ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟರು. ಆಗ ಎಲ್ಲರಿಗೂ ಬೇಗ ಕುಡಿಯುವ ವೈನೇ ಬೇಕಿತ್ತು. ರಿಸೆರ್ವಾ ಅಂತೂ ಒಳ್ಳೆಯ ವರ್ಷ ಮಾತ್ರ, ಹಳೇ ಬಳ್ಳಿಗಳಿಂದ. 1955ರದನ್ನು ಅಮೆರಿಕದ ವೈನ್ ಸ್ಪೆಕ್ಟೇಟರ್ ಪತ್ರಿಕೆ ಶತಮಾನದ 12 ವೈನ್‌ಗಳಲ್ಲಿ ಒಂದೆಂದು ಆರಿಸಿತು. ಇಟಲಿಯಿಂದ ಅದೊಂದೇ. ಮೊಂಟಾಲ್ಚೀನೊಗೆ ಹೋದಾಗಲೆಲ್ಲ ಸೈಪ್ರೆಸ್ ಮರಗಳ ಸಾಲು ಹಿಡಿದು ಗ್ರೆಪ್ಪೊ ತನಕ ಹೋಗಿ ಬರುತ್ತೇನೆ. ನಾನು ಎತ್ತಿಟ್ಟದ್ದಕ್ಕೆ ಹೆಮ್ಮೆಯಿದೆ. ಮಾರುವ ಮಾತೇ ಇಲ್ಲ.

ಟುರಿನ್ ಹುಡುಗ: ಅಕ್ಕ, ನನ್ನದು ನಕಲಿ ಅಂದಿರಾ? ರಸೀದಿ ಇದೆ, ಹಾಕಲಾ?

ಜ್ಯೂರಿಕ್ ಮಾವ: ಹಳೇ ಹೆಸರು ನಂಬಿ ಸುಮ್ನೆ ಕುಣಿಯಬೇಡಿ. ಫೆರುಚ್ಚೊ ಅವರ ಮೊಮ್ಮಗ, ತೋಟ ನಡೆಸುತ್ತಿದ್ದ ಫ್ರಾಂಕೊ 2013ರಲ್ಲಿ ತೀರಿಕೊಂಡರು. ಆಮೇಲೆ ತೋಟ ಫ್ರಾನ್ಸಿನ ಇಪಿಐ ಗುಂಪಿಗೆ ಹೋಯಿತು, ಪೈಪರ್-ಹೈಡ್‌ಸಿಕ್ ಶಾಂಪೇನ್ ಇರುವ ಗುಂಪೇ ಅದು. ನಾನು ಫ್ರಾಂಕೊ ಕಾಲದ್ದು ಮಾತ್ರ ಇಟ್ಟುಕೊಂಡಿದ್ದೇನೆ. ಗೋದಾಮಿನ ಬಾಡಿಗೆಯೇ ವರ್ಷಕ್ಕೆ 180 ಫ್ರಾಂಕ್. ಹೋದ ವರ್ಷ ಹೇಳದೆ ಕೇಳದೆ 240 ಮಾಡಿದರು.

ಸಿಯೆನಾ ಅಕ್ಕ: ಮಾವ, ಯಜಮಾನರು ಬದಲಾದರೆ ಮಣ್ಣು ಬದಲಾಗುತ್ತದಾ? ಆ ತೋಟದಲ್ಲೇ ಆರಿಸಿದ ಸಂಜೊವೇಸೆಯ ಬಿಬಿಎಸ್11 ಅನ್ನುವ ತಳಿ ಇನ್ನೂ ಅಲ್ಲೇ ಬೆಳೆಯುತ್ತಿದೆ.

ಜ್ಯೂರಿಕ್ ಮಾವ: ಬಳ್ಳಿ ತಾನಾಗಿ ವೈನ್ ಮಾಡಲ್ಲ ತಾಯಿ. ಕೊಯ್ಲು ಯಾವಾಗ, ಪೀಪಾಯಿ ಯಾವುದು ಅಂತ ತೀರ್ಮಾನಿಸುವ ಕೈ ಬೇರೆಯಾಗಿದೆ.

ಫ್ಲಾರೆನ್ಸ್ ಅಮ್ಮ: ಎಲ್ಲ ಓದಿದೆ. ಆದರೆ ನೆಲಮಾಳಿಗೆ ಇಲ್ಲದ ಮನೆಯಲ್ಲಿ ಎಲ್ಲಿಡುವುದು ಅಂತ ಯಾರೂ ಹೇಳಲಿಲ್ಲ.

ಮಿಲಾನ್‌ವಾಸಿ: ಫ್ರಿಜ್ ಅಂತ ಹೇಳಿದೆನಲ್ಲಮ್ಮ!

ಲಂಡನ್ ರಾಯರು: ಎರಡೇ ಬೇಸಿಗೆಗೆ ಕೆಟ್ಟ ಫ್ರಿಜ್ಜಾ?