ಶುಗರ್ ಗುಳಿಗೆ ಜೊತೆ ಸಿಪ್ರೊಫ್ಲಾಕ್ಸಾಸಿನ್ ನಡೆಯುತ್ತಾ?

ಜಮಖಂಡಿ_ಹುಡುಗ:
ಅಪ್ಪನಿಗೆ 68 ವಯಸ್ಸು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಸೇರಿದ ಗುಳಿಗೆ ಎರಡು ಹೊತ್ತು ತಗೋತಾರೆ. ಉರಿಮೂತ್ರ ಅಂತ ಬೇರೆ ದವಾಖಾನೆಗೆ ಹೋದಾಗ ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯೋಟಿಕ್ ಬರೆದುಕೊಟ್ಟರು. ನಿನ್ನೆ ಬಾಯಿ ರುಚಿ ಇಲ್ಲ ಅಂತ ಅರ್ಧ ರೊಟ್ಟಿ ತಿಂದು ಮಲಗಿದರು, ನಡುರಾತ್ರಿ ನೋಡಿದರೆ ಬನಿಯನ್ ಪೂರ್ತಿ ತೊಯ್ದಿದೆ, ಕೈ ನಡುಗುತ್ತಿದೆ, ಏನೇನೋ ಮಾತಾಡುತ್ತಿದ್ದಾರೆ. ಮಿಷನ್‌ನಲ್ಲಿ ಶುಗರ್ 54. ಅವ್ವ ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಹೊಸ ಗುಳಿಗೆಯಿಂದ ಹೀಗಾಯ್ತಾ? ಯಾವುದನ್ನು ನಿಲ್ಲಿಸಬೇಕು?

ವಿಜಯಪುರ_ಮೆಡಿಕಲ್:
ಆಗಿರಬಹುದು ರೀ. ಗ್ಲಿಮೆಪಿರೈಡ್ ಮೈಯಲ್ಲಿ ಇನ್ಸುಲಿನ್ ಬಿಡಿಸುತ್ತೆ, ಉಂಡರೂ ಉಣ್ಣದಿದ್ದರೂ ಅದು ಕೆಲಸ ಮಾಡೋದೇ. ಸಿಪ್ರೊ, ಲೆವೊಫ್ಲಾಕ್ಸಾಸಿನ್ ಜೊತೆಗೆ ಸೇರಿದರೆ ಕೆಲವರಿಗೆ ಶುಗರ್ ಇನ್ನೂ ಇಳಿಯುತ್ತೆ, ವಯಸ್ಸಾದವರಿಗೆ, ಕಿಡ್ನಿ ಸರಿ ಇಲ್ಲದವರಿಗೆ ಈ ಅಪಾಯ ಜಾಸ್ತಿ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ಇಷ್ಟು ಇಳಿಯಲ್ಲ. ಆ್ಯಂಟಿಬಯೋಟಿಕ್ ನೀವೇ ಅರ್ಧಕ್ಕೆ ಬಿಡಬೇಡಿ, ಸೋಂಕು ಉಳಿದರೆ ಅದೂ ತೊಂದರೆನೇ. ಮುಂದಿನ ಶುಗರ್ ಗುಳಿಗೆ ಕೊಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ತೋರಿಸಿ. ಗ್ಲಿಮೆಪಿರೈಡ್ ಪ್ರಭಾವ ಒಂದು ದಿನದವರೆಗೂ ಇರುತ್ತೆ, ಒಮ್ಮೆ ಏರಿದ ಶುಗರ್ ಮತ್ತೆ ಇಳಿಯಬಹುದು, ಅದಕ್ಕೇ ಸುಮ್ನೆ ಕೂರಬೇಡಿ.

ಬೆಳಗಾವಿ_ಅಕ್ಕ:
ತಮ್ಮಾ, ಗುಳಿಗೆ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ವೊಗ್ಲಿಬೋಸ್ ಅಂತಲೂ ಇದೆಯಾ ನೋಡು. ಅದು ಸಕ್ಕರೆ ಹೊಟ್ಟೆಯಲ್ಲಿ ಬೇಗ ಕರಗದಂತೆ ತಡೆಯೋ ಶುಗರ್ ಔಷಧಿ, ಇದ್ದರೆ ಸಕ್ಕರೆ ನೀರು ಬೇಗ ಹತ್ತಲ್ಲ, ಗ್ಲೂಕೋಸ್ ಪುಡಿಯೇ ಬೇಕು. 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಬೇಕು. ಎಚ್ಚರ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡ, 108ಕ್ಕೆ ಫೋನ್ ಮಾಡು. ನಮ್ಮ ಅತ್ತೆಗೆ ಉಲ್ಟಾ ಆಗಿತ್ತು, ಮೊಣಕಾಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಶುಗರ್ 300 ದಾಟಿತ್ತು. ಯಾವ ಡಾಕ್ಟರ್ ಹತ್ತಿರ ಹೋದರೂ ಎಲ್ಲ ಸ್ಟ್ರಿಪ್ ಚೀಲದಲ್ಲಿ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಬೇಕು ಅಂತೀನಿ ನಾನು.

ಇಳಕಲ್_ಮೇಷ್ಟ್ರು:
ಬಿಪಿಗೆ ಅಥವಾ ಹಾರ್ಟಿಗೆ ಪ್ರೊಪ್ರಾನೊಲೋಲ್, ಮೆಟೊಪ್ರೊಲೋಲ್ ಥರದ್ದು ನಡೆದಿದೆಯಾ? ಇದ್ದರೆ ಶುಗರ್ ಇಳಿದಾಗ ನಡುಕ, ಎದೆಬಡಿತ ಗೊತ್ತಾಗದೇ ಹೋಗಬಹುದು, ಬೆವರು ಮಾತ್ರ ಕಾಣುತ್ತೆ. ಹಾಗಲಕಾಯಿ ರಸ, ನಾಟಿ ಪುಡಿ ಏನಾದರೂ ತಗೋತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಜಮಖಂಡಿ_ಹುಡುಗ:
ವೊಗ್ಲಿಬೋಸ್ ಇಲ್ಲ, ಬಿಪಿ ಗುಳಿಗೆನೂ ಇಲ್ಲ ಸರ್. ಹಾಗಲಕಾಯಿ ರಸ ಮಾತ್ರ ಬೆಳಿಗ್ಗೆ ಕುಡಿತಾರೆ, ಅದು ಡಾಕ್ಟರಿಗೆ ಗೊತ್ತೇ ಇರಲಿಲ್ಲ. ಈಗ ತೋರಿಸಿಕೊಂಡು ಬಂದೆವು. ರಾತ್ರಿಯ ಶುಗರ್ ಗುಳಿಗೆ ಸದ್ಯಕ್ಕೆ ನಿಲ್ಲಿಸಿದ್ದಾರೆ, ಆ್ಯಂಟಿಬಯೋಟಿಕ್ ಬದಲಿಸಿದ್ದಾರೆ, ಕಿಡ್ನಿ ಹೇಗಿದೆ ನೋಡೋಕೆ ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದೇವೆ. ರಿಪೋರ್ಟ್ ನಾಳೆ ಬರುತ್ತೆ, ಇಲ್ಲೇ ಹಾಕ್ತೀನಿ.